ಹದಿಬದೆಯ ಧರ್ಮದೊಳಗೊಂದು ಜಗಳ

ಸಂಚಿಯ ಹೊನ್ನಮ್ಮನ ಹೆಸರು ಕೇಳದ ಹೆಣ್ಣುಮಕ್ಕಳು ನಮ್ಮಲ್ಲಿ ಕಡಿಮೆ. ಶಾಲೆಯಲ್ಲಿ ಅವಳ ಒಂದೆರಡು ಪದ್ಯಗಳನ್ನು ಬಾಯಿಪಾಠ ಮಾಡಿರುತ್ತೇವೆ. ಆಮೇಲೆ ಮಹಿಳಾ ದಿನಾಚರಣೆಯ ಭಾಷಣದಲ್ಲಿ ಅವೇ ಪದ್ಯಗಳು ಬರುತ್ತವೆ, ಸಂಘದ ವಾರ್ಷಿಕೋತ್ಸವದ ಆಮಂತ್ರಣ ಪತ್ರಿಕೆಯ ನೆತ್ತಿಯ ಮೇಲೂ ಅವೇ. ತನ್ನನ್ನು ಹೆತ್ತು ಹಾಲೂಡಿದವಳು ಯಾರೆಂಬುದನ್ನು ಮರೆತು ಹೆಣ್ಣಿನ ಕುಲವನ್ನೇ ಹೀಗಳೆಯುವ ಗಂಡಸರನ್ನು ಅವಳು ಅಲ್ಲಿ ಗದರಿಸುತ್ತಾಳೆ. ಆ ಗದರಿಕೆ ನಮಗೆಲ್ಲ ಪ್ರಿಯ. ಆದರೆ ಆ ಪದ್ಯ ಯಾವ ಪುಸ್ತಕದ ಒಳಗಿದೆ, ಅದರ ಹಿಂದೆ ಮುಂದೆ ಏನಿದೆ ಎಂದು ನೋಡುವವರು ಎಷ್ಟು ಮಂದಿ? ನೋಡಿದರೆ ಸ್ವಲ್ಪ ಕಸಿವಿಸಿಯಾಗುತ್ತದೆ. ಆ ಕಸಿವಿಸಿಯ ಬಗ್ಗೆಯೇ ಇಲ್ಲಿ ನಾಲ್ಕು ಮಾತು ಬರೆಯಬೇಕೆನಿಸಿದೆ.

ಹೊನ್ನಮ್ಮ ಯಳಂದೂರಿನವಳು. ೧೬೭೩ರಿಂದ ೧೭೦೪ರವರೆಗೆ ಶ್ರೀರಂಗಪಟ್ಟಣದಿಂದ ರಾಜ್ಯವಾಳಿದ ಚಿಕ್ಕದೇವರಾಜ ಒಡೆಯರ ರಾಣಿ ದೇವಾಜಮ್ಮಣ್ಣಿಗೆ ಎಲೆಯಡಿಕೆಯ ಸಂಚಿ ಹಿಡಿಯುವ ಊಳಿಗದವಳು. ಅರಮನೆಯ ಕವಿ ಸಿಂಗರಾರ್ಯನಲ್ಲಿ ಓದು ಕಲಿತು, ಗುರುವಿನಿಂದ ಮೆಚ್ಚುಗೆ ಪಡೆದು, ರಾಣಿಯ ಒತ್ತಾಸೆಯಿಂದ ‘ಹದಿಬದೆಯ ಧರ್ಮ’ ಬರೆದಳು. ಆ ಒಡೆಯರ ಹೆಸರು ಹೊತ್ತ ನಾಲೆ ಇವತ್ತಿಗೂ ನಮ್ಮ ತಾಲ್ಲೂಕಿನ ಗದ್ದೆಗಳಿಗೆ ನೀರುಣಿಸುತ್ತಿದೆ. ಅರಕೆರೆಯ ಕಡೆಯ ನಾವು ‘ಸಿ.ಡಿ.ಎಸ್. ನಾಲೆ’ ಎಂದು ಮೂರಕ್ಷರದಲ್ಲಿ ಮುಗಿಸಿಬಿಡುತ್ತೇವೆ. ರಾಜನ ಹೆಸರು ನೀರಿನ ಜೊತೆ ಉಳಿಯಿತು. ಅವನ ಅರಮನೆಯಲ್ಲಿ ಎಲೆ ಮಡಿಸಿ ಕೊಡುತ್ತಿದ್ದವಳ ಹೆಸರು ಅವಳದೇ ಪದ್ಯದಿಂದ ಉಳಿಯಿತು. ಊಳಿಗದವಳೊಬ್ಬಳಿಗೆ ಇದು ಸಣ್ಣ ಸಂಗತಿಯಲ್ಲ.

ಹದಿಬದೆ ಅಂದರೆ ಪತಿವ್ರತೆ. ಸಂಸ್ಕೃತದ ಮಾತು ಕನ್ನಡದ ಬಾಯಲ್ಲಿ ತಿರುಗಿ ಹೀಗಾಗಿದೆ. ಹೆಸರೇ ಹೇಳುವಂತೆ ಇದು ಹೆಂಡತಿಯ ನಡವಳಿಕೆಯ ಪುಸ್ತಕ. ಸಾಂಗತ್ಯದಲ್ಲಿ ಬರೆದದ್ದರಿಂದ ಹೆಂಗಸರು ಕೂತು ಹಾಡಿಕೊಳ್ಳಬಹುದು. ಹಾಡುತ್ತ ಹೋದರೆ ಸಿಗುವುದೇನು? ಗಂಡನೇ ದೇವರು. ಅವನು ಏಳುವ ಮುಂಚೆ ಏಳಬೇಕು, ಅತ್ತೆ ಮಾವಂದಿರ ಸೇವೆ ಮಾಡಬೇಕು, ಅವನ ಮನಸ್ಸನ್ನು ಅರಿತು ನಡೆಯಬೇಕು. ಸ್ಮೃತಿಗಳು ಹೇಳಿದ್ದು, ಪುರಾಣದ ಸತಿಯರು ಮಾಡಿದ್ದು, ಎಲ್ಲವೂ ಸಾಲಾಗಿ ಬರುತ್ತವೆ. ಬೆಳಗ್ಗೆ ಐದಕ್ಕೆ ಎದ್ದು ಡಬ್ಬಿ ಕಟ್ಟಿ, ಏಳೂವರೆಯ ಬಸ್ಸು ಹಿಡಿದು ಮಂಡ್ಯಕ್ಕೋ ಮೈಸೂರಿಗೋ ಕೆಲಸಕ್ಕೆ ಹೋಗುವ ನಮ್ಮ ಹುಡುಗಿಯರಿಗೆ ಇದನ್ನು ಓದಿ ಹೇಳಿದರೆ, ‘ಇದರಲ್ಲಿ ಹೊಸದೇನಿದೆ, ನಮ್ಮತ್ತೆ ದಿನಾ ಹೇಳ್ತಾರಲ್ಲ’ ಅಂದಾರು.

ಈ ಪುಸ್ತಕವನ್ನು ಓದುವ ಎರಡು ಸುಲಭದ ದಾರಿಗಳನ್ನು ನಾನು ಕಂಡಿದ್ದೇನೆ. ಸಂಪ್ರದಾಯದ ಹಿರಿಯರು ಇಡೀ ಪುಸ್ತಕವನ್ನು ಹೊಗಳಿ, ಗದರಿಕೆಯ ಪದ್ಯಗಳನ್ನು ತಾಯ್ತನದ ಮಹಿಮೆ ಎಂದು ಮೆತ್ತಗೆ ದಾಟಿಬಿಡುತ್ತಾರೆ. ಸ್ತ್ರೀಪರವಾದ ಓದಿನವರಲ್ಲಿ ಕೆಲವರು ಆ ಒಂದೆರಡು ಪದ್ಯ ಕಿತ್ತುಕೊಂಡು, ಉಳಿದದ್ದು ಆ ಕಾಲದ ಮಾತು, ಬಿಡಿ ಅನ್ನುತ್ತಾರೆ. ಇಬ್ಬರೂ ಅವಳ ಅರ್ಧವನ್ನೇ ಓದಿದ್ದಾರೆ. ನನಗೆ ಈ ಪುಸ್ತಕದಲ್ಲಿ ಮುಖ್ಯವೆನಿಸುವುದು ಎರಡೂ ಒಂದೇ ಬಾಯಿಂದ ಬಂದಿವೆ ಎಂಬುದು. ಧರ್ಮ ಹೇಳುತ್ತ ಹೇಳುತ್ತ ಅವಳು ತಟ್ಟನೆ ನಿಂತು ಜಗಳಕ್ಕೆ ತೆಗೆಯುತ್ತಾಳೆ, ಜಗಳ ಮುಗಿಸಿ ಮತ್ತೆ ಧರ್ಮಕ್ಕೆ ಮರಳುತ್ತಾಳೆ. ಅಡುಗೆಮನೆಯಲ್ಲಿ ಪಾತ್ರೆಯನ್ನು ಸ್ವಲ್ಪ ಜೋರಾಗಿ ಕುಕ್ಕಿ, ಮತ್ತೆ ಅದೇ ಪಾತ್ರೆಯಲ್ಲಿ ಎಲ್ಲರಿಗೂ ಬಡಿಸುವವಳ ಹಾಗೆ. ಆ ಸದ್ದನ್ನು ಬಡಿಸುವ ಕೆಲಸದಿಂದ ಬೇರೆ ಮಾಡಿ ಕೇಳಿದರೆ ಅದರ ಅರ್ಥ ಹೋಗುತ್ತದೆ. ನಮ್ಮ ಹೆಂಗಸರ ಕಾವ್ಯದಲ್ಲಿ ಅನ್ಯಾಯದ ಮಾತು ಬಹುಮಟ್ಟಿಗೆ ಹೀಗೆಯೇ, ವಿಧೇಯತೆಯ ಒಳಗಿಂದಲೇ ಬಂದಿದೆ.

ಅವಳು ಜಗಳ ಆಡಿದ್ದು ಯಾವುದಕ್ಕೆ ಎಂಬುದನ್ನೂ ನೋಡಬೇಕು. ಗಂಡು ಹುಟ್ಟಿತೆಂದು ಹಿಗ್ಗುವುದಕ್ಕೂ ಹೆಣ್ಣು ಹುಟ್ಟಿತೆಂದು ಕುಗ್ಗುವುದಕ್ಕೂ ಕಾರಣವೇ ಇಲ್ಲ, ಇಹಪರದಲ್ಲಿ ಸುಖ ಕೊಡುವ ಮಗು ಯಾವುದಾದರೇನು ಎಂಬುದು ಅವಳ ವಾದ. ಮುನ್ನೂರು ವರ್ಷಕ್ಕೂ ಹಿಂದೆ, ಇದೇ ಸೀಮೆಯಲ್ಲಿ ಎತ್ತಿದ ಪ್ರಶ್ನೆ ಇದು. ೨೦೨೩ರ ನವೆಂಬರಿನಲ್ಲಿ ಪತ್ರಿಕೆಗಳಲ್ಲಿ ಬಂದ ಸುದ್ದಿ ನಿಮಗೆ ನೆನಪಿರಬಹುದು. ಮಂಡ್ಯ ಜಿಲ್ಲೆಯ ಒಂದು ಆಲೆಮನೆಯಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟುಕೊಂಡು ಭ್ರೂಣದ ಲಿಂಗ ಪತ್ತೆ ಮಾಡುತ್ತಿದ್ದ ಜಾಲವನ್ನು ಪೊಲೀಸರು ಹಿಡಿದರು. ಕಬ್ಬಿನ ಹಾಲು ಕುದಿಯುವ ಜಾಗ, ಮಕ್ಕಳು ಬಿಸಿಬೆಲ್ಲ ಬೇಡಿ ತಿನ್ನಲು ಹೋಗುವ ಜಾಗ. ಲಿಂಗ ಪತ್ತೆಯನ್ನು ನಿಷೇಧಿಸಿದ ಕಾನೂನು ಬಂದದ್ದು ೧೯೯೪ರಲ್ಲಿ. ಹೊನ್ನಮ್ಮನ ಪದ್ಯವನ್ನು ಆಮಂತ್ರಣ ಪತ್ರಿಕೆಯಲ್ಲಿ ಅಚ್ಚು ಹಾಕಿಸುವ ಊರುಗಳಲ್ಲೇ ಆ ಕಾನೂನನ್ನು ಮುರಿಯುವವರಿಗೂ ಗಿರಾಕಿಗಳು ಸಿಕ್ಕರು. ಸುದ್ದಿ ಓದಿದ ಮೇಲೆ ನನಗೆ ಆ ಪದ್ಯ ಪಠ್ಯದ ಪದ್ಯವಾಗಿ ಉಳಿಯಲಿಲ್ಲ.

ಆದರೂ ಅವಳ ವಾದಕ್ಕೆ ಒಂದು ಮಿತಿ ಇದೆ, ಅದನ್ನು ಹೇಳದೆ ಹೋದರೆ ವಿಮರ್ಶೆ ಆಗುವುದಿಲ್ಲ. ಹೆಣ್ಣನ್ನು ಹೀಗಳೆಯಬೇಡಿ ಎನ್ನಲು ಹೊನ್ನಮ್ಮ ಕೊಡುವ ಕಾರಣ ತಾಯ್ತನ. ಹೆತ್ತಿದ್ದಾಳೆ, ಸಾಕಿದ್ದಾಳೆ, ಅದಕ್ಕೆ ಗೌರವಿಸಿ. ಹೆರದವಳ ಗತಿ? ಬಾಲ್ಯದಲ್ಲೇ ಗಂಡನನ್ನು ಕಳೆದುಕೊಂಡು ಅಣ್ಣನ ಮನೆಯ ಹಿತ್ತಿಲಲ್ಲಿ ಬದುಕು ಕಳೆದವಳ ಗತಿ? ಉಪಕಾರದ ಲೆಕ್ಕದ ಮೇಲೆ ನಿಂತ ಸಮಾನತೆ ಉಪಕಾರ ಇದ್ದಷ್ಟು ದಿನದ್ದು. ಕಿಕ್ಕೇರಿಯ ಕೆ.ಎಸ್. ನರಸಿಂಹಸ್ವಾಮಿಯವರ ‘ಮೈಸೂರ ಮಲ್ಲಿಗೆ’ ೧೯೪೨ರಲ್ಲಿ ಬಂದಾಗ ನಮ್ಮ ಮನೆಗಳ ಹೆಂಡತಿಗೆ ಬೇರೊಂದು ಗೌರವ ಸಿಕ್ಕಿತು, ಒಲವಿನದು. ಅಪ್ಪಣೆ ಕೊಡುವ ಗಂಡನ ಜಾಗದಲ್ಲಿ ಕಾಯುವ, ಓಲೈಸುವ ಗಂಡ ಬಂದ. ಆ ಹಾಡುಗಳನ್ನು ಕೇಳುತ್ತಲೇ ಬೆಳೆದ ನಾನು ಅದನ್ನು ಕಡಿಮೆ ಮಾಡಿ ಹೇಳಲಾರೆ. ಆದರೆ ಅಲ್ಲಿಯೂ ಹೆಣ್ಣಿನ ಬೆಲೆ ಗಂಡನ ಕಣ್ಣಿನಲ್ಲೇ ಇದೆ.

ವಿಧೇಯತೆಯ ಒಳಗಿನ ಜಗಳ ಎಂದೆನಲ್ಲ, ಅದರ ಅತ್ಯಂತ ಗಟ್ಟಿಯಾದ ಉದಾಹರಣೆ ಬರೆದ ಕಾವ್ಯದಲ್ಲಿ ಸಿಗುವುದಿಲ್ಲ, ಹಾಡಿದ ಕಾವ್ಯದಲ್ಲಿ ಸಿಗುತ್ತದೆ. ‘ಕೆರೆಗೆ ಹಾರ’ ಉತ್ತರ ಕರ್ನಾಟಕದ ಕಥನಗೀತೆ, ಆದರೆ ಪಠ್ಯಪುಸ್ತಕಗಳ ಮೂಲಕ ನಾಡಿಗೆಲ್ಲ ಗೊತ್ತು. ಊರ ಹೆಸರಿನಲ್ಲೇ ಕೆರೆ ಇರುವ ನಮ್ಮಂಥವರು ಅದನ್ನು ಮರೆಯುವುದಾದರೂ ಹೇಗೆ? ಕಲ್ಲನಕೇರಿಯ ಮಲ್ಲನಗೌಡ ಕೆರೆ ಕಟ್ಟಿಸುತ್ತಾನೆ, ಹನಿ ನೀರು ನಿಲ್ಲುವುದಿಲ್ಲ. ಸೊಸೆಯೊಬ್ಬಳನ್ನು ಬಲಿ ಕೊಡಬೇಕೆಂದು ಹೊತ್ತಿಗೆ ಹೇಳುತ್ತದೆ. ಹಿರಿಯ ಸೊಸೆಯನ್ನು ಕೊಟ್ಟರೆ ಮನೆಯ ಹಿರಿತನಕ್ಕೆ ಕುಂದು. ಆದ್ದರಿಂದ ಕಿರಿಯವಳು, ಭಾಗೀರಥಿ.

ಇದನ್ನು ನಮಗೆ ತ್ಯಾಗದ ಹಾಡೆಂದು ಪಾಠ ಮಾಡಿದರು. ಊರಿಗಾಗಿ ಪ್ರಾಣ ಕೊಟ್ಟ ಮಹಾತಾಯಿ ಎಂದು ಪ್ರಬಂಧ ಬರೆದು ಅಂಕ ತೆಗೆದುಕೊಂಡವರಲ್ಲಿ ನಾವೆಲ್ಲ ಇದ್ದೇವೆ. ಹಾಡನ್ನೇ ಮತ್ತೊಮ್ಮೆ ಕೇಳಿದರೆ ಅದು ಹೇಳುವುದೇ ಬೇರೆ. ಭಾಗೀರಥಿ ತವರಿಗೆ ಓಡುತ್ತಾಳೆ. ಮುಖ ಯಾಕೆ ಬಾಡಿದೆ ಎಂದು ತಂದೆ ಕೇಳಿದರೆ, ಅತ್ತೆಮನೆಯವರು ಬೇರೆ ಇಡುತ್ತಾರಂತೆ ಎಂದು ಸುಳ್ಳು ಹೇಳುತ್ತಾಳೆ. ತಾಯಿಗೂ ಅದೇ ಸುಳ್ಳು. ಅವರು ಕೊಡಲು ಬರುವ ಹೊಲ, ಒಡವೆ ಅವಳಿಗೆ ಬೇಕಿಲ್ಲ. ನಿಜವನ್ನು ಹೇಳುವುದು ಗೆಳತಿಯೊಬ್ಬಳಿಗೆ ಮಾತ್ರ. ಗೆಳತಿಯ ಉತ್ತರವೋ, ಕೊಟ್ಟವರು ಇಟ್ಟ ಹಾಗೆ ಇರಬೇಕು ಎಂಬ ಧಾಟಿಯದು. ಇಡೀ ಹಾಡಿನಲ್ಲಿ ನನ್ನ ಎದೆ ಹಿಂಡುವುದು ನೀರು ಏರುವ ಜಾಗವಲ್ಲ, ಈ ಜಾಗ. ಹೆತ್ತವರ ಮುಂದೆ ಬಾಯಿ ಬಿಡಲಾರದ ಹುಡುಗಿಯನ್ನು, ಸಮಾಧಾನ ಹೇಳುವುದರ ಹೊರತು ಬೇರೆ ದಾರಿಯೇ ಕಾಣದ ಗೆಳತಿಯನ್ನು ಈ ಹಾಡು ಕಟ್ಟಿದವಳು ಊಹಿಸಿ ಬರೆದಿರಲಾರಳು. ಹಾಡು ಕಟ್ಟಿದವಳು ಎಂದೇ ಹೇಳುತ್ತೇನೆ. ಇಷ್ಟು ಒಳಗಿನ ಸಂಗತಿ ಗಂಡಸಿಗೆ ಹೊಳೆಯುವುದು ಕಷ್ಟ.

ಆಮೇಲೆ ಪೂಜೆ, ಊಟ. ಹೊರಡುವಾಗ ಬಂಗಾರದ ಪಾತ್ರೆಯನ್ನು ಮರೆತು ಬಂದಿರುತ್ತಾರೆ. ತರಲು ಹೋಗುವವಳು ಕಿರಿಸೊಸೆ, ಯಾಕೆಂದರೆ ಮನೆಯ ಓಡಾಟದ ಕೆಲಸವೆಲ್ಲ ಯಾವಾಗಲೂ ಕಿರಿಸೊಸೆಯದು. ದಿನನಿತ್ಯದ ಆ ಸಣ್ಣ ಅನ್ಯಾಯವನ್ನೇ ದೊಡ್ಡ ಅನ್ಯಾಯ ಮೆಟ್ಟಿಲು ಮಾಡಿಕೊಂಡಿತು. ಅವಳು ಮೆಟ್ಟಿಲು ಹತ್ತಿದಂತೆ ನೀರು ಪಾದದಿಂದ ಮೇಲೇರುತ್ತದೆ. ದಂಡಿನಲ್ಲಿದ್ದ ಗಂಡ ಮಾದೇವರಾಯನಿಗೆ ಕೆಟ್ಟ ಕನಸು ಬಿದ್ದು ಕುದುರೆ ಹತ್ತಿ ಬರುತ್ತಾನೆ. ತವರಿಗೆ ಹೋಗಿದ್ದಾಳೆ, ಗೆಳತಿಯ ಮನೆಗೆ ಹೋಗಿದ್ದಾಳೆ ಎಂದು ಮನೆಯವರು ಸುಳ್ಳು ಹೇಳುತ್ತಾರೆ. ನಿಜ ಹೇಳುವುದು ಮತ್ತೆ ಆ ಗೆಳತಿಯೇ. ಅವನು ಕೆರೆಗೆ ಹಾರುತ್ತಾನೆ. ಮನೆತನ ಉಳಿಸಲು ಕಿರಿಯವಳನ್ನು ಕೊಟ್ಟ ಗೌಡ ಮಗನನ್ನೂ ಕಳೆದುಕೊಂಡ. ಹಾಡು ಎಲ್ಲಿಯೂ ಯಾರನ್ನೂ ಬಯ್ಯುವುದಿಲ್ಲ; ಯಾರು ಯಾರಿಗೆ ಏನು ಸುಳ್ಳು ಹೇಳಿದರು ಎಂದು ಒಂದೊಂದಾಗಿ ಎಣಿಸಿಟ್ಟಿದೆ. ನ್ಯಾಯಾಲಯಕ್ಕೆ ಹೋಗಲಾರದವರ ಸಾಕ್ಷಿ ಹೇಳಿಕೆ ಹೀಗಿರುತ್ತದೆ.

ಈ ಮಾತಿಗೆ ದೂರದ ಒಂದು ಹಾಡನ್ನು ಹೋಲಿಸಿ ನೋಡಬಹುದು. ಐರ್ಲೆಂಡಿನ ಜನರ ಹಳೆಯ ಭಾಷೆ ಐರಿಷ್. ಇಂಗ್ಲಿಷರ ಆಳ್ವಿಕೆಯಲ್ಲಿ ಆ ಭಾಷೆ ಬಡವರ ಹಟ್ಟಿಗಳಿಗೆ ಸರಿಯಿತು. ಅದರಲ್ಲಿ ಹೆಂಗಸರೇ ಉಳಿಸಿಕೊಂಡ ಒಂದು ಪ್ರಕಾರ, ಸತ್ತವರ ಮುಂದೆ ಹಾಡಿಕೊಂಡು ಅಳುವುದು. ನಮ್ಮ ಹಳ್ಳಿಗಳಲ್ಲಿ ಮುದುಕಿಯರು ಹೆಣದ ಮುಂದೆ ಕೂತು ಸತ್ತವನ ಗುಣ, ಮಾಡಿದ ಕೆಲಸ, ಬಿಟ್ಟುಹೋದ ಮಕ್ಕಳನ್ನು ಹೆಸರಿಸಿ ರಾಗವಾಗಿ ಅಳುವುದನ್ನು ಕೇಳಿದವರಿಗೆ ಇದನ್ನು ವಿವರಿಸಬೇಕಿಲ್ಲ. ೧೭೭೩ರ ಮೇ ೪ರಂದು ಕಾರ್ಕ್ ಸೀಮೆಯಲ್ಲಿ ಆರ್ಟ್ ಓ ಲೀರಿ ಎಂಬ ತರುಣನನ್ನು ಸೈನಿಕರು ಗುಂಡಿಟ್ಟು ಕೊಂದರು. ಕ್ಯಾಥೊಲಿಕರು ಐದು ಪೌಂಡಿಗಿಂತ ಹೆಚ್ಚು ಬೆಲೆಯ ಕುದುರೆ ಇಟ್ಟುಕೊಳ್ಳಬಾರದೆಂಬ ಕಾನೂನು ಆಗ ಅಲ್ಲಿತ್ತು. ಅವನ ಚೆಂದದ ಕುದುರೆಯ ಮೇಲೆ ಅಧಿಕಾರಿಯೊಬ್ಬನ ಕಣ್ಣು ಬಿತ್ತು, ಇವನು ಕೊಡಲಿಲ್ಲ. ಅವನ ಹೆಂಡತಿ ಐಲೀನ್ ಡುವ್ ಹಾಡಿಕೊಂಡ ಶೋಕಗೀತೆ ಬಾಯಿಂದ ಬಾಯಿಗೆ ಬಂದು, ಎಷ್ಟೋ ಕಾಲದ ಮೇಲೆ ಅಳುವ ಹಾಡು ಹೇಳುವ ಹೆಂಗಸರಿಂದಲೇ ಬರಹಕ್ಕೆ ಇಳಿಯಿತು. ಮೇ ೪ ಅಂದರೆ ನಮ್ಮ ಶ್ರೀರಂಗಪಟ್ಟಣದವರಿಗೆ ಬೇರೊಂದು ನೆನಪು. ೧೭೯೯ರಲ್ಲಿ ಅದೇ ತಾರೀಖು ಟಿಪ್ಪು ಸುಲ್ತಾನ ಬಿದ್ದದ್ದು. ಆಮೇಲೆ ಪಟ್ಟಣದ ಆಡಳಿತ ಹಿಡಿದು ದರಿಯಾ ದೌಲತ್‌ನಲ್ಲಿ ವಾಸವಿದ್ದ ಆರ್ಥರ್ ವೆಲ್ಲೆಸ್ಲಿ ಹುಟ್ಟಿದ್ದು ಐರ್ಲೆಂಡಿನಲ್ಲೇ, ಆಳುವವರ ಮನೆತನದಲ್ಲಿ. ಇದು ಬರೀ ಕಾಕತಾಳೀಯ, ಇರಲಿ.

ಐಲೀನಳ ಹಾಡಿನಲ್ಲಿ ಕುದುರೆ ಸವಾರನಿಲ್ಲದೆ, ರಕ್ತ ಮೆತ್ತಿಕೊಂಡು ಮನೆಗೆ ಬರುತ್ತದೆ. ಅವಳು ಅದನ್ನೇ ಹತ್ತಿ ಗಂಡನಿದ್ದಲ್ಲಿಗೆ ಹಾರಿಸುತ್ತಾಳೆ. ಇಲ್ಲಿ ಮಾದೇವರಾಯ ಹೆಂಡತಿಗಾಗಿ, ಅಲ್ಲಿ ಹೆಂಡತಿ ಗಂಡನಿಗಾಗಿ. ಇನ್ನೂ ಒಂದು ಸಂಗತಿ ನಮ್ಮ ಮನೆಗಳಿಗೆ ಬಹಳ ಹತ್ತಿರದ್ದು. ಸತ್ತವನ ಅಕ್ಕತಂಗಿಯೊಬ್ಬಳು ಅದೇ ಹಾಡಿನೊಳಗೆ ಬಂದು, ಹೆಣ ಕಾಯುವ ರಾತ್ರಿ ನೀನು ಮಲಗಲು ಹೋದೆಯಲ್ಲ ಎಂದು ಚುಚ್ಚುತ್ತಾಳೆ. ಐಲೀನ್ ಸುಮ್ಮನಿರುವುದಿಲ್ಲ. ಮಲಗಿದ್ದಲ್ಲ, ಮಕ್ಕಳನ್ನು ಮಲಗಿಸಲು ಹೋದದ್ದು ಎಂದು ಹಾಡಿನಲ್ಲೇ ಉತ್ತರ ಕೊಡುತ್ತಾಳೆ. ಇಂಗ್ಲಿಷರ ಅನ್ಯಾಯ ಒಂದು ಕಡೆ, ನಾದಿನಿಯ ಮಾತು ಇನ್ನೊಂದು ಕಡೆ. ಶೋಕದ ನಡುವೆಯೂ ಹೆಂಡತಿ ತನ್ನ ನಡತೆಯನ್ನು ರುಜುವಾತು ಮಾಡಬೇಕು.

ಆದರೆ ಒಂದು ವ್ಯತ್ಯಾಸ ಇದೆ, ನನಗೆ ಅದೇ ಮುಖ್ಯ. ಐಲೀನ್ ಕೊಲ್ಲಿಸಿದವನ ಹೆಸರು ಹಿಡಿದು ಶಪಿಸುತ್ತಾಳೆ. ಅವಳ ಶತ್ರು ಹೊರಗಿನವನು, ಪರಭಾಷೆಯವನು, ಆದ್ದರಿಂದ ಅವಳ ಸಿಟ್ಟಿಗೆ ಇಡೀ ಜನಾಂಗ ದನಿಗೂಡಿಸಬಲ್ಲದು. ಭಾಗೀರಥಿಯ ಶತ್ರು ಅವಳಿಗೆ ಊಟ ಬಡಿಸಿದ ಮನೆಯೊಳಗೇ ಇದ್ದಾನೆ. ಅವನನ್ನು ಮಾವ ಎಂದು ಕರೆಯಬೇಕು. ಹೊನ್ನಮ್ಮನಿಗೂ ಅಷ್ಟೆ. ಗದರಿಸಬೇಕಾದವರ ಅರಮನೆಯಲ್ಲೇ ಅವಳ ಅನ್ನ. ಇಂಥವರ ಕಾವ್ಯದಲ್ಲಿ ಶಾಪ ಹುಡುಕಿದರೆ ಸಿಗುವುದಿಲ್ಲ. ಸುಳ್ಳುಗಳ ಎಣಿಕೆ, ತಡೆದು ನಿಂತ ಮಾತು, ನಡುವೆ ಒಮ್ಮೆ ಏರಿದ ದನಿ, ಇವನ್ನು ಹುಡುಕಬೇಕು.

ಹಾಗಾದರೆ ಮನೆಯ ಚೌಕಟ್ಟಿನ ಹೊರಗೆ ನಿಂತು ಮಾತಾಡಿದವರು ನಮ್ಮಲ್ಲಿ ಇಲ್ಲವೇ? ಹೊನ್ನಮ್ಮನಿಗಿಂತ ಐನೂರು ವರ್ಷ ಮೊದಲೇ ಇದ್ದರು. ಅಕ್ಕಮಹಾದೇವಿಯ ಮಾತು ಎಲ್ಲರಿಗೂ ಗೊತ್ತು, ಅವಳನ್ನು ಬಿಡುತ್ತೇನೆ. ಆಯ್ದಕ್ಕಿ ಲಕ್ಕಮ್ಮನನ್ನು ನೋಡಿ. ಕಲ್ಯಾಣದಲ್ಲಿ ಗಂಡ ಮಾರಯ್ಯ ನೆಲದ ಮೇಲೆ ಚೆಲ್ಲಿದ ಅಕ್ಕಿ ಆಯ್ದು ತರುವ ಕಾಯಕದವನು. ಒಂದು ದಿನ ಬೇಕಾದ್ದಕ್ಕಿಂತ ಹೆಚ್ಚು ತಂದ. ಈ ಆಸೆ ನಮಗೆ ತಕ್ಕದ್ದಲ್ಲ, ಅಲ್ಲಿಯೇ ಸುರಿದು ಬಾ ಎಂದು ಹೆಂಡತಿ ವಾಪಸು ಕಳಿಸಿದಳು. ಗಂಡ ದೇವರಾಗಿದ್ದರೆ ಈ ಮಾತು ಹುಟ್ಟುತ್ತಿರಲಿಲ್ಲ. ಒಂದೇ ಕೆಲಸದ ಜೊತೆಗಾರನಾದ್ದರಿಂದ ಹುಟ್ಟಿತು. ತಾನು ಹೆತ್ತವಳು, ಸಾಕಿದವಳು ಎಂಬ ಆಧಾರ ಲಕ್ಕಮ್ಮನಿಗೆ ಬೇಡ, ದುಡಿಯುವವಳು ಎಂಬುದೇ ಸಾಕು. ಗೊಗ್ಗವ್ವೆಯಂಥವರು ಇನ್ನೂ ಮುಂದೆ ಹೋಗಿ, ಹೆಣ್ಣು ಗಂಡೆಂಬುದು ಮೈಯ ಗುರುತೇ ಹೊರತು ಒಳಗಿರುವುದಕ್ಕೆ ಆ ಭೇದ ಇಲ್ಲವೆಂದರು. ಅಷ್ಟು ಎತ್ತರದ ಮಾತು ಕಾಲಕ್ರಮದಲ್ಲಿ ಹದಿಬದೆಯ ಧರ್ಮಕ್ಕೆ ಇಳಿಯಿತಲ್ಲ ಎಂದು ಕೊರಗುವವರಿದ್ದಾರೆ. ನನಗೆ ಹಾಗೆ ಅನಿಸುವುದಿಲ್ಲ. ಶರಣೆಯರ ಬೆನ್ನಿಗೆ ಒಂದು ಚಳವಳಿ ಇತ್ತು. ಹೊನ್ನಮ್ಮನ ಬೆನ್ನಿಗೆ ಇದ್ದದ್ದು ಒಬ್ಬ ರಾಣಿಯ ಕೃಪೆ.

ಕೃಪೆಯಿಂದ ಬಂದ ಸಮಾನತೆ ಹೇಗಿರುತ್ತದೆ ಎಂಬುದಕ್ಕೆ ನಮ್ಮ ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯೇ ಸಾಕ್ಷಿ. ದೊಡ್ಡ ಕೃಷ್ಣರಾಜ ಒಡೆಯರ ರಾಣಿ ಚೆಲುವಾಂಬೆ ಹದಿನೆಂಟನೆಯ ಶತಮಾನದಲ್ಲಿ ‘ವರನಂದೀ ಕಲ್ಯಾಣ’ ಬರೆದಳು. ದಿಲ್ಲಿಯ ಬಾದಶಹನ ಮಗಳು ಚೆಲುವರಾಯಸ್ವಾಮಿಯನ್ನು ಒಲಿದು ಮದುವೆಯಾಗುವ ಕಥೆ. ತುರುಕರ ಹೆಣ್ಣನ್ನು ದೇವರ ಹೆಂಡತಿಯಾಗಿ ಒಪ್ಪಿದ ಕಾವ್ಯ ಎಂದರೆ ಸುಮ್ಮನೆಯೇ? ಆದರೆ ಒಪ್ಪಿಗೆಗೆ ದಾರಿ ಮಾಡಲು ಅವಳನ್ನು ಸತ್ಯಭಾಮೆಯ ಅವತಾರವೆನ್ನಬೇಕಾಯಿತು. ಗುಡಿಯಲ್ಲಿ ಬೀಬಿ ನಾಚ್ಚಿಯಾರಳ ಜಾಗ ಸ್ವಾಮಿಯ ಪಾದದ ಬಳಿ. ಅಲ್ಲಿಯೇ ರಾಮಾನುಜಾಚಾರ್ಯರು ದಲಿತರನ್ನು ತಿರುಕುಲತ್ತಾರ್ ಎಂದು ಕರೆದು ಗುಡಿಯೊಳಗೆ ಬರಮಾಡಿಕೊಂಡರೆಂದು ಹೆಮ್ಮೆಯಿಂದ ಹೇಳುತ್ತೇವೆ. ಆ ಪ್ರವೇಶ ವರ್ಷದಲ್ಲಿ ಗೊತ್ತುಮಾಡಿದ ಕೆಲವೇ ದಿನಗಳದ್ದಾಗಿತ್ತು ಎಂಬುದನ್ನು ಮೆಲ್ಲಗೆ ಹೇಳುತ್ತೇವೆ. ಉಳಿದ ದಿನಗಳ ಲೆಕ್ಕ ಯಾವ ಕಲ್ಯಾಣ ಕಾವ್ಯದಲ್ಲಿಯೂ ಇಲ್ಲ.

ಆ ಉಳಿದ ದಿನಗಳ ಲೆಕ್ಕ ಕೇಳಿದ್ದು ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’. ೧೯೭೫ರಲ್ಲಿ ಬಂದ ಆ ಪುಸ್ತಕದಲ್ಲಿ ಕೃಪೆಗೆ ಕಾಯುವ ದನಿಯೇ ಇಲ್ಲ. ಹೊನ್ನಮ್ಮ ‘ನಾವು ನಿಮ್ಮನ್ನು ಹೆತ್ತವರು’ ಎಂಬ ಅರ್ಥದಲ್ಲಿ ವಾದಿಸಿದರೆ, ಇಲ್ಲಿ ಬರುವುದು ನಿಮ್ಮನ್ನು ಹೊತ್ತವರು, ನಿಮಗಾಗಿ ಬೆಳೆದವರು ಎಂಬ ಸಿಟ್ಟು. ನೆಲ ಉತ್ತವರು, ಕಲ್ಲು ಹೊತ್ತವರು ಕವಿತೆಯೊಳಗೆ ಮೊದಲ ಬಾರಿಗೆ ಗುಂಪಾಗಿ ಬಂದರು. ಅವರನ್ನು ಅಲ್ಲಿ ಕಂಡ ಮೇಲೆ ಹದಿಬದೆಯ ಧರ್ಮಕ್ಕೆ ಮರಳಿದರೆ ಅಲ್ಲಿ ಯಾರಿಲ್ಲ ಎಂಬುದು ಎದ್ದು ಕಾಣುತ್ತದೆ. ಆ ಪುಸ್ತಕದ ಹೆಣ್ಣಿಗೆ ಹಿತ್ತಿಲಿದೆ, ಅಡುಗೆಮನೆಯಿದೆ, ಅತ್ತೆ ಮಾವಂದಿರಿದ್ದಾರೆ. ಮೊಣಕಾಲುದ್ದ ಕೆಸರಿನಲ್ಲಿ ಬಗ್ಗಿ ನಾಟಿ ಹಾಕುವವಳು ಇಲ್ಲ. ಚಿಕ್ಕದೇವರಾಜರ ನಾಲೆಯ ನೀರನ್ನು ಅಕ್ಕಿ ಮಾಡಿದವಳು ಅವಳೇ ತಾನೆ?

ಅರಕೆರೆಯಲ್ಲಿ ನಾವು ಏಳೆಂಟು ಮಂದಿ ಹೆಂಗಸರು ಸೇರಿ ಈ ಪುಸ್ತಕವನ್ನು ಮೊದಲಿಂದ ಗಟ್ಟಿಯಾಗಿ ಓದಿದೆವು. ಹಳಗನ್ನಡದ ಮಾತು ಬಂದಲ್ಲಿ ನಿಲ್ಲಿಸಿ ಅರ್ಥ ಹೇಳಿಕೊಳ್ಳುತ್ತ, ನಡುವೆ ಅವರವರ ಅತ್ತೆಯರ ಕಥೆ ಬೆರೆಸುತ್ತ, ಕಾಫಿ ಕುಡಿಯುತ್ತ. ಗಂಡನನ್ನು ಪೂಜಿಸುವ ಭಾಗ ಬಂದಾಗ ನಗು, ಮಗಳ ಪದ್ಯ ಬಂದಾಗ ಮೌನ. ನಾಟಿ ಕೆಲಸಕ್ಕೆ ಹೋಗುವ ಹಿರಿಯಳೊಬ್ಬಳು ಓದು ಬರದಿದ್ದರೂ ಬಂದು ಗೋಡೆಗೆ ಒರಗಿ ಕೂರುತ್ತಿದ್ದಳು. ಮುಗಿದ ದಿನ ಎಲ್ಲರೂ ಹೊನ್ನಮ್ಮ ಸ್ತ್ರೀವಾದಿಯೋ ಅಲ್ಲವೋ ಎಂದು ಚರ್ಚೆ ಮಾಡುತ್ತಿದ್ದರೆ ಅವಳು ಕೇಳಿದ್ದು ಒಂದೇ: ‘ಇಷ್ಟೆಲ್ಲ ಬರೆದಳಲ್ಲ ಕಣವ್ವ, ಈಯಮ್ಮನಿಗೆ ಅರಮನೆಯವರು ಸಂಬಳ ಎಷ್ಟು ಕೊಡೋರು?’

ಯಾರೂ ನಗಲಿಲ್ಲ. ನಾವು ಹೆಂಡತಿಯ ಪುಸ್ತಕವೆಂದು ಓದುತ್ತಿದ್ದದ್ದು ಊಳಿಗದವಳ ಪುಸ್ತಕವೂ ಹೌದೆಂದು ಆಗ ಹೊಳೆಯಿತು. ಒಡೆಯನ ಮನಸ್ಸರಿತು ನಡೆಯುವುದು, ಅವನಿಗಿಂತ ಮುಂಚೆ ಏಳುವುದು, ಕರೆದಾಗ ಎದುರಿಗಿರುವುದು, ಇವೆಲ್ಲ ಹೊನ್ನಮ್ಮನಿಗೆ ಸ್ಮೃತಿ ಓದಿ ತಿಳಿಯಬೇಕಾದ ಸಂಗತಿಗಳಲ್ಲ, ಅವಳ ದಿನಚರಿಯವು. ಅವಳು ಹೆಂಡತಿಗೆ ಹೇಳಿದ ಧರ್ಮದಲ್ಲಿ ದಾಸಿಯ ಕೆಲಸದ ಪಟ್ಟಿ ಎಷ್ಟು ಬೆರೆತಿದೆ ಎಂದು ಬೇರ್ಪಡಿಸಿ ನೋಡಬೇಕಾಗಿದೆ. ಅದಕ್ಕೆ ಮೊದಲ ಸಂಧಿಯಿಂದ ಮತ್ತೆ ಓದಲು ಶುರು ಮಾಡಿದ್ದೇವೆ. ಈ ಸಲ ಪ್ರತಿ ಕೆಲಸದ ಹೆಸರು ಬಂದಾಗಲೂ, ಇದನ್ನು ಈಗ ನಮ್ಮೂರಲ್ಲಿ ಯಾರು ಮಾಡುತ್ತಾರೆ, ಎಷ್ಟಕ್ಕೆ ಮಾಡುತ್ತಾರೆ ಎಂದು ಪಕ್ಕದಲ್ಲಿ ಬರೆದಿಟ್ಟುಕೊಳ್ಳುವ ಜವಾಬ್ದಾರಿ ಆ ಹಿರಿಯಳ ಮೊಮ್ಮಗಳದು, ಪಿ.ಯು.ಸಿ. ಓದುವ ಹುಡುಗಿಯದು.